ಚಾವಣಿ ಬಂಡೆ ಹತ್ತಲು ಹೊರಡುವವರಿಗೆ

ತಲೆಯ ಮೇಲೆ ಸೂರಿನಂತೆ ಹೊರಚಾಚಿದ ಎರಡು ಕಲ್ಲಿನ ಚಾವಣಿಗಳನ್ನು ದಾಟಿ ಮೇಲೇರುವ, ಹಗ್ಗ ಸಿಕ್ಕಿಸಲು ಬಂಡೆಯಲ್ಲಿ ಬೋಲ್ಟ್ ಕೂರಿಸಿರುವ ಸುಣ್ಣಕಲ್ಲಿನ ಮಾರ್ಗವೊಂದನ್ನು ಹತ್ತಿ ಬಂದ ಮೇಲೆ ಇದನ್ನು ಬರೆಯಲೇಬೇಕೆನಿಸಿತು. ನಮ್ಮ ಕೈಯಲ್ಲಿದ್ದ ಮಾರ್ಗದರ್ಶಿ ಪುಸ್ತಕವು ಮಾರ್ಗದ ಎತ್ತರ, ಬೋಲ್ಟ್‌ಗಳ ಸಂಖ್ಯೆ ಮತ್ತು 7ಎ ಎಂಬ ಕಾಠಿಣ್ಯದ ಶ್ರೇಣಿಯನ್ನು ಕೊಟ್ಟು, ಬೋಲ್ಟಿಗೂ ಹಗ್ಗಕ್ಕೂ ನಡುವೆ ಸಿಕ್ಕಿಸುವ, ಪಟ್ಟಿಯ ಎರಡೂ ತುದಿಗೆ ಕ್ಯಾರಬಿನರ್ ಎಂಬ ಲೋಹದ ಕೊಂಡಿಯಿರುವ ಕ್ವಿಕ್‌ಡ್ರಾಗಳು ಬಂಡೆಯಲ್ಲೇ ಇರುವುದರಿಂದ ಒಯ್ಯಬೇಕಾಗಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿತ್ತು. ಆ ಸಾಲನ್ನು ನಂಬಿ ಯಾರೂ ಬರಿಗೈಯಲ್ಲಿ ಹೋಗಬಾರದು.

ಮೊದಲ ಚಾವಣಿಯ ಅಂಚಿನಲ್ಲಿ ತೂಗುತ್ತಿದ್ದ ಕ್ವಿಕ್‌ಡ್ರಾದ ಕೆಳಗಿನ ಕ್ಯಾರಬಿನರನ್ನು ತಿರುಗಿಸಿ ನೋಡಿದಾಗ, ಹಗ್ಗ ಕೂರುವ ಬಾಗಿನಲ್ಲಿ ಅಲ್ಯೂಮಿನಿಯಂ ಸವೆದು ಆಳವಾದ ಕಚ್ಚು ಬಿದ್ದಿತ್ತು. ಕಚ್ಚಿನ ಒಂದು ಬದಿ ಬೆರಳು ಸೋಕಿಸಲು ಹಿಂಜರಿಯುವಷ್ಟು ಹರಿತವಾಗಿತ್ತು. ಧೂಳು ಮೆತ್ತಿದ ಹಗ್ಗವು ಭಾರ ಹೊತ್ತು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಉಜ್ಜಿದಾಗ ಹೀಗಾಗುತ್ತದೆ, ಮತ್ತು ಹಗ್ಗ ಥಟ್ಟನೆ ದಿಕ್ಕು ಬದಲಿಸುವ ಮೊದಲ ಬೋಲ್ಟ್ ಹಾಗೂ ಚಾವಣಿಯ ಅಂಚಿನಲ್ಲಿ ಈ ಸವೆತ ಎಲ್ಲಕ್ಕಿಂತ ಬೇಗ ಕಾಣಿಸಿಕೊಳ್ಳುತ್ತದೆ. ಇಂಥ ಅಂಚುಗಳು ಬಿದ್ದವರ ಹಗ್ಗವನ್ನೇ ಕತ್ತರಿಸಿದ ಅಪಘಾತಗಳು ನಡೆದಿವೆ. ಬಿಸಿಲಿಗೆ ಬಣ್ಣ ಮಾಸಿ ಬಿರುಸಾದ ಪಟ್ಟಿಯನ್ನೂ ನಂಬಬೇಡಿ. ಪೂರ್ತಿ ಮಾರ್ಗಕ್ಕಾಗುವಷ್ಟು ಸ್ವಂತ ಕ್ವಿಕ್‌ಡ್ರಾಗಳನ್ನು ಒಯ್ದು, ಅನುಮಾನ ಬಂದ ಬೋಲ್ಟಿಗೆಲ್ಲ ನಿಮ್ಮದನ್ನೇ ಹಾಕಿಕೊಳ್ಳಿ. ನೆಟ್ಟಗಿನ ಗೋಡೆಯಲ್ಲಿ ಬೋಲ್ಟಿನ ಮೇಲೆ ಭಾರ ಅಡ್ಡಲಾಗಿ ಬೀಳುತ್ತದೆ. ಚಾವಣಿಯಲ್ಲಾದರೋ ಅದನ್ನು ರಂಧ್ರದಿಂದ ಹೊರಕ್ಕೇ ಎಳೆಯುತ್ತದೆ, ಆದ್ದರಿಂದ ಅಲ್ಲಾಡುವ ಅಥವಾ ತಿರುಗುವ ಬೋಲ್ಟ್ ಕಂಡರೆ ಮುಂದುವರಿಯದೆ ಇಳಿಯುವುದೇ ಸರಿ. ಸಮುದ್ರದಂಚಿನ ಸುಣ್ಣಕಲ್ಲಿನಲ್ಲಿ ಹೊರಗೆ ಹೊಳೆಯುವ ಸ್ಟೇನ್‌ಲೆಸ್ ಉಕ್ಕು ಕೂಡ ಒಳಗೊಳಗೇ ಬಿರುಕು ಬಿಡಬಲ್ಲದು. ಥಾಯ್ಲೆಂಡಿನ ರೈಲೇಯಂಥ ಕಡಲತೀರಗಳಲ್ಲಿ ಟೈಟೇನಿಯಂ ಬೋಲ್ಟ್‌ಗಳನ್ನು ಕೂರಿಸಿದ್ದು ಇದೇ ಕಾರಣಕ್ಕೆ.

ಹತ್ತುವ ಭಾಗದಲ್ಲಿ ಹಿಡಿಗಳು ಕೆಳಗಿನಿಂದ ನೋಡಿ ಅಂದಾಜು ಮಾಡಿದ್ದಕ್ಕಿಂತ ದೊಡ್ಡವಾಗಿವೆ, ಆದರೆ ನಿಂತು ಸುಧಾರಿಸಿಕೊಳ್ಳಲು ಎಲ್ಲಿಯೂ ಜಾಗವಿಲ್ಲದ ಕಾರಣ ಮುಂಗೈ ಬಿಗಿದುಕೊಳ್ಳುತ್ತಾ ಹೋಗುತ್ತದೆ. ಪಾದವನ್ನು ಒಂದು ಉಬ್ಬಿಗೆ ಒತ್ತಿ, ಎದುರಿನ ಕಲ್ಲಿಗೆ ಮಂಡಿಯ ಮೇಲ್ಭಾಗವನ್ನು ಸಿಕ್ಕಿಸಿ ದೇಹವನ್ನು ತೂಗಿಸುವ ನೀ ಬಾರ್ ಗೊತ್ತಿದ್ದವರಿಗೆ ಮಾತ್ರ ಇಲ್ಲಿ ಎರಡೂ ಕೈಗಳಿಗೆ ಬಿಡುವು ಸಿಗುತ್ತದೆ. 2017ರಲ್ಲಿ ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ ಜಗತ್ತಿನ ಮೊದಲ 9ಸಿ (ಅತ್ಯಂತ ಕಠಿಣ ಶ್ರೇಣಿಯ) ಮಾರ್ಗವನ್ನು ಹತ್ತಿದ ಆಡಮ್ ಓಂಡ್ರಾ ಈ ಹಿಡಿತಕ್ಕಾಗಿಯೇ ಮೀನಖಂಡವನ್ನು ಪ್ರತ್ಯೇಕವಾಗಿ ಪಳಗಿಸಿಕೊಂಡಿದ್ದರು. ರಬ್ಬರಿನ ಮಂಡಿಪಟ್ಟಿ ಇಲ್ಲದೆ ಇದನ್ನು ಮಾಡಿದರೆ ತೊಡೆಯ ಚರ್ಮ ಕಿತ್ತುಬರುತ್ತದೆ. ಅಂಚಿಗೆ ಮುಂಚಿನ ಬೋಲ್ಟಿಗೆ 60 ಸೆಂ.ಮೀ. ಉದ್ದದ ಸ್ಲಿಂಗ್ (ಪಟ್ಟಿಯ ಕುಣಿಕೆ) ಹಾಕದಿದ್ದರೆ ಹಗ್ಗ ಅಂಚಿಗೆ ಉಜ್ಜಿ, ಎರಡನೆಯ ಚಾವಣಿಯ ಮೇಲೆ ಕ್ಲಿಪ್ ಮಾಡಲು ಹಗ್ಗವನ್ನು ಎಳೆದುಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ.

ಚಾವಣಿಯ ನಡುವೆ ಬೀಳುವುದು ಕಾಣುವಷ್ಟು ಅಪಾಯದ್ದಲ್ಲ, ಏಕೆಂದರೆ ಬಡಿಯಲು ಸುತ್ತ ಏನೂ ಇರುವುದಿಲ್ಲ. ಗೋಡೆ ಮುಗಿದು ಚಾವಣಿ ಆರಂಭವಾಗುವ ಮೂಲೆಯಲ್ಲಿ ಮತ್ತು ಅಂಚನ್ನು ದಾಟಿದ ಕೂಡಲೇ ಬಿದ್ದರೆ ತೂಗಿಬಂದು ಕಲ್ಲಿಗೆ ಅಪ್ಪಳಿಸುವ ಸಂಭವ ಹೆಚ್ಚು. ಬಿಲೇ ಕೊಡುವವರು, ಅಂದರೆ ಕೆಳಗೆ ನಿಂತು ಹಗ್ಗ ಹಿಡಿಯುವವರು, ಆ ಎರಡು ಕಡೆ ಹಗ್ಗವನ್ನು ಗಕ್ಕನೆ ಬಿಗಿಯದೆ, ಬೀಳುವವರ ಭಾರಕ್ಕೆ ತಾವೂ ಮೃದುವಾಗಿ ಮೇಲೆದ್ದು ಹೊಡೆತವನ್ನು ತಗ್ಗಿಸಬೇಕು. ಬಿದ್ದ ಮೇಲೆ ನೀವು ಬಂಡೆಗೆ ಕೈ ಎಟುಕದೆ ಗಾಳಿಯಲ್ಲಿ ತೂಗುತ್ತಿರುತ್ತೀರಿ. ಹಗ್ಗ ಹಿಡಿದು ಮೈಯನ್ನು ಮೇಲಕ್ಕೆ ಜಗ್ಗಿ ಥಟ್ಟನೆ ಬಿಟ್ಟಾಗ, ಕೆಳಗಿನವರು ಆ ಕ್ಷಣದ ಸಡಿಲನ್ನು ತಮ್ಮ ಭಾರದಿಂದ ಎಳೆದುಕೊಳ್ಳುವ ವಿಧಾನವನ್ನು ಇಬ್ಬರೂ ಮೊದಲೇ ಅಭ್ಯಾಸ ಮಾಡಿರಬೇಕು. ಅದು ಸಾಗದಿದ್ದರೆ ಹಗ್ಗಕ್ಕೆ ಸುತ್ತಿ ಮೇಲೇರಲು ಸೊಂಟದಲ್ಲಿ ಎರಡು ಪ್ರೂಸಿಕ್ ಕುಣಿಕೆಗಳೂ ಇರಲಿ.

ಇಳಿಯುತ್ತಾ ಕ್ವಿಕ್‌ಡ್ರಾಗಳನ್ನು ಬಿಚ್ಚಿಕೊಳ್ಳುವುದು ಈ ಮಾರ್ಗದ ಅತ್ಯಂತ ಕಠಿಣ ಕೆಲಸವೆಂದು ನನಗನ್ನಿಸಿತು. ಸೊಂಟಕ್ಕೆ ಕಟ್ಟಿದ ಹಾರ್ನೆಸ್ಸಿನಿಂದ ಒಂದು ಕ್ವಿಕ್‌ಡ್ರಾವನ್ನು ಬಿಲೇ ಕಡೆಯ ಹಗ್ಗಕ್ಕೆ ಸಿಕ್ಕಿಸಿಕೊಂಡರೆ ಇಳಿಯುವಾಗ ಬಂಡೆಯ ಬಳಿಯೇ ಇರಬಹುದು. ಆದರೆ ನೆಲದ ಹತ್ತಿರದ ಕೊನೆಯ ಬೋಲ್ಟಿನ ಕ್ವಿಕ್‌ಡ್ರಾವನ್ನು ಬಿಚ್ಚುವ ಮೊದಲು ಆ ಕೊಂಡಿಯನ್ನು ಕಳಚಲೇಬೇಕು. ಇಲ್ಲವಾದರೆ ನೀವು ತೂಗಿ ಹೋಗುವ ರಭಸಕ್ಕೆ ಬಿಲೇ ಕೊಡುವವರೂ ಎಳೆದುಕೊಂಡು ಬರುತ್ತಾರೆ. ನೀವು ತೂಗುವ ದಾರಿಯಲ್ಲಿ ಮರ, ಕಲ್ಲು, ಜನ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಹಗ್ಗ ಜಾರಿಹೋಗದಂತೆ ಅದರ ಬಿಲೇ ಕಡೆಯ ತುದಿಗೆ ಗಂಟು ಹಾಕಿರಿ.

ರಜೆಯ ದಿನ ಹೋಗಬೇಡಿ ಎಂದೇ ಹೇಳುತ್ತೇನೆ. ಗುಹೆಯಂಥ ಚಾವಣಿಯ ಅಡಿಯಲ್ಲಿ ನಾಲ್ಕಾರು ತಂಡಗಳ ಮಾತು ಒಂದಕ್ಕೊಂದು ಕಲಸಿ, ಅಂಚಿನ ಮೇಲಿದ್ದವರ ‘ಹಗ್ಗ ಬಿಡಿ’ ಎಂಬ ಕೂಗು ಕೆಳಗೆ ಕೇಳಿಸುವುದೇ ಇಲ್ಲ. ಮಳೆಯಲ್ಲೂ ಚಾವಣಿ ಒಣಗಿರುತ್ತದೆ ಎನ್ನುವ ಮಾತು ಮಳೆ ಸುರಿಯುವ ಹೊತ್ತಿಗಷ್ಟೇ ನಿಜ; ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಆಕಾಶ ತಿಳಿಯಾದ ಮೇಲೂ ಹಲವು ದಿನ ಹಿಡಿಗಳಿಂದ ಒಸರುತ್ತಿರುತ್ತದೆ. ಆದ್ದರಿಂದ ದೀರ್ಘ ಒಣಹವೆಯ ನಂತರದ ವಾರದ ನಡುವಿನ ದಿನವೊಂದನ್ನು ಆರಿಸಿಕೊಳ್ಳಿ.