ದೇವಿಮನೆ ಘಟ್ಟಕ್ಕೊಂದು ಕ್ಯಾನ್ ನೀರು

ಡೀಸೆಲ್ ಇಂಜಿನ್ನಿನೊಳಗೆ ನೀರು ಹೋಯಿತು ಅಂದರೆ ಗ್ಯಾರೇಜಿನಲ್ಲಿ ಎಲ್ಲರ ಮುಖ ಸಪ್ಪಗಾಗುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಸಿಲಿಂಡರಿನಲ್ಲಿ ಅರ್ಧ ಲೋಟ ನೀರು ನಿಂತಿದ್ದರೂ ಸಾಕು, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಳೆಗಾಲದಲ್ಲಿ ತುಂಬಿದ ಹಳ್ಳಕ್ಕೆ ಗಾಡಿ ಇಳಿಸಿದವರಿಗೆ ಇದರ ಖರ್ಚು ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಕಳೆದ ಬೇಸಿಗೆಯಲ್ಲಿ ನಾನೂ ಭಾವನೂ ಸೇರಿ ಅವರ ಲಾರಿಯ ಇಂಜಿನ್ನಿಗೆ ಬೇಕಂತಲೇ ನೀರು ಹೋಗುವ ಹಾಗೆ ಪೈಪು ಜೋಡಿಸಿದೆವು.

ಭಾವನದ್ದು ಹಳೆಯ ಗಾಡಿ. ಆರು ಸಿಲಿಂಡರ್. ಟರ್ಬೋ ಇದೆ, ಇಂಟರ್‌ಕೂಲರ್ ಇಲ್ಲ. ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಕುಮಟಾ ಕಡೆಯಿಂದ ಚಿರೆಕಲ್ಲು ತುಂಬಿಕೊಂಡು ಶಿರಸಿಗೆ ಬರುವುದು ಅದರ ಮುಖ್ಯ ಕೆಲಸ. ಕುಮಟಾ ಇರುವುದು ಸಮುದ್ರದ ದಡದಲ್ಲಿ, ಶಿರಸಿ ಇರುವುದು ಹತ್ತಿರ ಹತ್ತಿರ 600 ಮೀಟರ್ ಎತ್ತರದಲ್ಲಿ. ಆ ಎತ್ತರದ ಬಹುಪಾಲನ್ನು ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟದಲ್ಲೇ ಏರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಬೆನ್ನ ಮೇಲೆ ಕಲ್ಲಿನ ಲೋಡು, ತಿರುವಿನ ಮೇಲೆ ತಿರುವು, ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಅರ್ಧ ಘಟ್ಟ ಹತ್ತುವಷ್ಟರಲ್ಲಿ ಗಾಡಿ ಸೋತು ಹೋಗುತ್ತದೆ ಎಂಬುದು ಭಾವನ ಹಳೆಯ ದೂರು. "ಅದೇ ಗಾಡಿ ಮಳೆಗಾಲದ ರಾತ್ರಿ ಎಷ್ಟು ಚಂದ ಎಳೀತು ಗೊತ್ತಿದ್ದಾ?" ಎನ್ನುತ್ತಿದ್ದರು.

ಅದು ಬರೀ ಅನಿಸಿಕೆಯಲ್ಲ. ಟರ್ಬೋ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗೆ 35 ಡಿಗ್ರಿ ಇದ್ದಾಗ 1 ಬಾರ್ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡ, ಕೊಟ್ಟರೆ ಟರ್ಬೋದಿಂದ ಹೊರಬರುವ ಗಾಳಿ 130 ಡಿಗ್ರಿಯ ಆಸುಪಾಸು ಇರುತ್ತದೆ. ಬಿಸಿ ಗಾಳಿ ತೆಳು. ಅದರಲ್ಲಿ ಆಮ್ಲಜನಕ ಕಡಿಮೆ. ಡೀಸೆಲ್ ಮಾತ್ರ ಅಷ್ಟೇ ಬೀಳುತ್ತಿರುತ್ತದೆ. ಆಗ ಹೊಗೆ ಕಪ್ಪಾಗುತ್ತದೆ, ಸೈಲೆನ್ಸರಿಗೆ ಹೋಗುವ ಗ್ಯಾಸಿನ ಬಿಸಿ ಏರುತ್ತದೆ. ಇಂಟರ್‌ಕೂಲರ್ ಇದ್ದರೆ ಈ ಗಾಳಿಯನ್ನು ತಣಿಸಿ ಒಳಗೆ ಬಿಡುತ್ತದೆ. ಇಲ್ಲದ ಗಾಡಿಗೆ ಇರುವ ಅಗ್ಗದ ದಾರಿ ನೀರು. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 540 ಕ್ಯಾಲರಿ ಶಾಖ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿ ತಣ್ಣಗಿರುವುದೂ ಇದೇ ಕಾರಣಕ್ಕೆ ಅಲ್ವಾ? ಟರ್ಬೋ ದಾಟಿದ ಗಾಳಿಗೆ ಮಂಜಿನಂತೆ ನೀರು ಚಿಮುಕಿಸಿದರೆ ಗಾಳಿ ತಣಿಯುತ್ತದೆ. ಆವಿಯಾಗದೆ ಉಳಿದ ಹನಿಗಳು ಸಿಲಿಂಡರಿನೊಳಗೆ ಹೋಗಿ ಅಲ್ಲಿಯ ಬಿಸಿಯನ್ನು ಇಳಿಸುತ್ತವೆ.

ಇದೇನೂ ಹೊಸದಲ್ಲ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿ ಹೀಗೇ ಬಿಡುತ್ತಿದ್ದರು. 2016ರಲ್ಲಿ ಬಿಎಂಡಬ್ಲ್ಯೂ ತನ್ನ ಎಂ4 ಜಿಟಿಎಸ್ ಕಾರಿಗೆ ಕಂಪನಿಯಿಂದಲೇ ಹಾಕಿ ಕೊಟ್ಟಿತು. ಆದರೆ ನಮ್ಮ ಕಡೆ 'ನೀರು' ಮತ್ತು 'ಇಂಜಿನ್' ಎರಡನ್ನೂ ಒಟ್ಟಿಗೆ ಹೇಳಿದರೆ ಜನ ನಗುತ್ತಾರೆ. 1996ರಲ್ಲಿ ತಮಿಳುನಾಡಿನ ಮೂಲಿಕೆ ಪೆಟ್ರೋಲಿನ, ಅಂದರೆ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆ ಎಂದವರ, ಸುದ್ದಿ ಎಬ್ಬಿಸಿದ ಗಲಾಟೆ ಇನ್ನೂ ಕೆಲವರಿಗೆ ನೆನಪಿದೆ. ನೀರು ಉರಿಯುವುದಿಲ್ಲ. ಅದರಿಂದ ಗಾಡಿ ಓಡುವುದಿಲ್ಲ. 'ನೀರು ಹಾಕಿ ಮೈಲೇಜ್ ಡಬಲ್' ಎಂದು ಯಾರಾದರೂ ಡಬ್ಬಿ ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ.

ಶಿರಸಿಯ ಗ್ಯಾರೇಜಿನ ಮೇಸ್ತ್ರಿ ಮೊದಲು ಕೇಳಿದ್ದೂ ಅದನ್ನೇ. "ಎಂತದಾ ತಮಾ, ಯೂರಿಯಾ ಗಾಡಿ ಮಾಡ್ತ್ಯಾ ಇದನ್ನ?" ಈಗಿನ ಹೊಗೆ ನಿಯಮದ ಬಿಎಸ್ 6 ಲಾರಿಗಳಿಗೆ ಹಾಕುವ ಡಿಇಎಫ್ ಎಂಬ ಯೂರಿಯಾ ಬೆರೆತ ನೀರು ಅವರ ತಲೆಯಲ್ಲಿತ್ತು. ಅದು ಬೇರೆ. ಅದನ್ನು ಸಿಂಪಡಿಸುವುದು ಸೈಲೆನ್ಸರ್ ಕಡೆಗೆ, ಸುಟ್ಟ ಹೊಗೆಗೆ. ನಮ್ಮದು ಒಳಗೆ ಹೋಗುವ ಗಾಳಿಗೆ. ವಿವರಿಸಿ ಹೇಳಿದೆ. ಅವರು ಬೀಡಿ ಆರಿಸಿ, ಗಾಡಿಯ ಸುತ್ತ ಒಂದು ಸುತ್ತು ಬಂದು, ಒಂದು ಶರತ್ತು ಹಾಕಿದರು. ಏರ್ ಫಿಲ್ಟರ್ ಬದಲಿಸಬೇಕು, ಡೀಸೆಲ್ ನೋಜಲ್ ಬಿಚ್ಚಿ ಪ್ರೆಶರ್ ನೋಡಿಸಬೇಕು, ಟ್ಯಾಪೆಟ್ ಸೆಟ್ ಆಗಬೇಕು. ಆಮೇಲೆ ನೀರಿನ ಮಾತು. ರೋಗ ಬೇರೆ ಇದ್ದರೆ ನೀರು ಅದನ್ನು ಮುಚ್ಚಿಡುತ್ತದಷ್ಟೇ ಎಂಬುದು ಅವರ ವಾದ. ಒಪ್ಪಿದೆವು. ಅದೆಲ್ಲ ಮುಗಿದ ಮೇಲೆ ಸುಟ್ಟ ಗ್ಯಾಸ್ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ, ಟರ್ಬೋಗಿಂತ ಮೊದಲು, ಬಿಸಿ ಅಳೆಯುವ ಒಂದು ಕೆ ಟೈಪ್ ಥರ್ಮೋಕಪಲ್ ಕೂರಿಸಿ ಡ್ಯಾಶ್‌ಬೋರ್ಡಿಗೆ ಮೀಟರ್ ತಂದೆವು. ಬಿಸಿ ಎಷ್ಟು ಅಂತ ಕಣ್ಣಿಗೆ ಕಾಣದೆ ನೀರು ಹಾಕುವುದರಲ್ಲಿ ಅರ್ಥವಿಲ್ಲ.

ಜೋಡಿಸುವ ಕೆಲಸಕ್ಕೆ ಒಂದು ಭಾನುವಾರ ಹಿಡಿಯಿತು. ಸಾಮಾನು ಸಿಕ್ಕಿದ್ದು ಮಾತ್ರ ಲಾರಿ ಸ್ಪೇರ್ಸ್ ಅಂಗಡಿಯಲ್ಲಲ್ಲ. ಮನೆಯ ಕುಡಿಯುವ ನೀರಿನ ಆರ್‌ಓ ಫಿಲ್ಟರ್ ಒಳಗೆ ಇರುತ್ತದಲ್ಲ, ಆ ಚಿಕ್ಕ ಬೂಸ್ಟರ್ ಪಂಪು ಓಡುವುದು 24 ವೋಲ್ಟ್ ಡಿಸಿಯಲ್ಲಿ. ಲಾರಿಯ ಬ್ಯಾಟರಿಯೂ 24. ಇಬ್ಬರೂ ಒಬ್ಬರಿಗೊಬ್ಬರು ಹೇಳಿ ಮಾಡಿಸಿದ ಹಾಗೆ! ಅದರ ಸೊಲೆನಾಯ್ಡ್ ವಾಲ್ವೂ 24 ವೋಲ್ಟಿನದೇ. ಕರೆಂಟ್ ಇಲ್ಲದಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಜಾತಿ. ಪಂಪು, ವಾಲ್ವು, ನೀರು ಹಿಂದೆ ಬರದಂತೆ ತಡೆಯುವ ಎನ್‌ಆರ್‌ವಿ, ಒತ್ತಿದರೆ ಕೂರುವ ಜಾಯಿಂಟುಗಳು, ಎಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕವು. ಸ್ಪ್ರೇ ನೋಜಲ್ ನರ್ಸರಿಗೆ ಮಂಜು ಬಿಡುವ ಹಿತ್ತಾಳೆಯದ್ದು. ಮೊದಲು ಭಾವ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಪಂಪಿನ ನೋಜಲ್ ತಂದಿದ್ದರು. ಅದರ ಹನಿ ದಪ್ಪ. ಗಾಳಿಯಲ್ಲಿ ಆವಿಯಾಗುವ ಮೊದಲೇ ಪೈಪಿನ ಗೋಡೆಗೆ ಬಡಿದು ಇಳಿದು ಹೋಗುತ್ತದೆ. ಹನಿ ಸಣ್ಣಗಿದ್ದಷ್ಟೂ ಒಳ್ಳೆಯದು.

ಎಷ್ಟು ನೀರು ಬೇಕು ಎಂಬ ಲೆಕ್ಕ ನಾನು ಹಿಂದಿನ ರಾತ್ರಿಯೇ ಹಾಕಿಟ್ಟಿದ್ದೆ. ಇಷ್ಟು ದೊಡ್ಡ ಇಂಜಿನ್ ಪೂರ್ತಿ ಎಳೆಯುವಾಗ ನಿಮಿಷಕ್ಕೆ ಸುಮಾರು 8 ಕೆಜಿ ಗಾಳಿ ನುಂಗುತ್ತದೆ. ಅದನ್ನು 40-50 ಡಿಗ್ರಿ ತಣಿಸಲು ನಿಮಿಷಕ್ಕೆ 150 ಮಿಲಿ ನೀರಿನ ಆಸುಪಾಸು ಸಾಕು. ಗ್ಯಾರೇಜಿನ ಅಂಗಳದಲ್ಲಿ ನೋಜಲನ್ನು ಅಳತೆ ಜಾರಿನೊಳಗೆ ಹಿಡಿದು ಒಂದು ನಿಮಿಷ ಪಂಪು ಓಡಿಸಿದೆವು. ಬೇಕಾದಷ್ಟೇ ಬಂತು. ಘಟ್ಟ ಹತ್ತಲು ಅರ್ಧ ಗಂಟೆ ಹಿಡಿದರೂ ಐದು ಲೀಟರ್ ಮುಗಿಯುವುದಿಲ್ಲ. ಹತ್ತು ಲೀಟರಿನ ಕ್ಯಾನ್ ಧಾರಾಳ.

ಟರ್ಬೋದಿಂದ ಗಾಳಿ ಒಳಹೋಗುವ ಇಂಟೇಕ್ ಮ್ಯಾನಿಫೋಲ್ಡಿಗೆ ಹೋಗುವ ಅಲ್ಯುಮಿನಿಯಂ ಪೈಪನ್ನು ಪೂರ್ತಿ ಬಿಚ್ಚಿ ಲೇತಿನವರ ಹತ್ತಿರ ಒಯ್ದು ತೂತು ಕೊರೆಸಿ ಥ್ರೆಡ್ ಹಾಕಿಸಿದೆವು. ಗಾಡಿಯಲ್ಲೇ ಇಟ್ಟು ಕೊರೆದರೆ ಲೋಹದ ಚೂರು ನೇರ ಸಿಲಿಂಡರಿಗೆ. ಟರ್ಬೋಗಿಂತ ಮೊದಲು ನೋಜಲ್ ಕೂರಿಸುವುದು ಸುಲಭವಿತ್ತು, ಅಲ್ಲಿ ಬರೀ ರಬ್ಬರ್ ಹೋಸು. ಆದರೆ ಟರ್ಬೋದ ಫ್ಯಾನು ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ನೀರಿನ ಹನಿ ಬಡಿದು ಬಡಿದು ರೆಕ್ಕೆಯ ಅಂಚು ಸವೆಯುತ್ತದೆ. ಇಂಜಿನ್ ಹತ್ತಿರ ಆರ್‌ಓದ ಬಿಳಿ ಪೈಪು ಬಳಸಲಿಲ್ಲ, ಬಿಸಿಗೆ ಮೆತ್ತಗಾಗುತ್ತದೆ. ಏರ್ ಬ್ರೇಕಿನ ನೈಲಾನ್ ಪೈಪು ಹಾಕಿದೆವು.

ಇಷ್ಟು ಮಧ್ಯಾಹ್ನ ಊಟದೊಳಗೆ ಮುಗಿಯಿತು. ಉಳಿದರ್ಧ ದಿನ ಹೋಗಿದ್ದು ನೀರು ಹೋಗದಂತೆ ಮಾಡುವುದಕ್ಕೆ. ನನ್ನ ಕೇಳಿದರೆ ಇಡೀ ಕೆಲಸ ಇರುವುದು ಇದರಲ್ಲೇ. ನೀರು ಚಿಮುಕಿಸುವುದು ಯಾರಿಗೂ ಬರುತ್ತದೆ. ಬೇಡದ ಹೊತ್ತಿನಲ್ಲಿ ಒಂದು ಹನಿಯೂ ಹೋಗಬಾರದು.

ಮೊದಲನೆಯದು ಕ್ಯಾನಿನ ಜಾಗ. ಕ್ಯಾಬಿನ್ನಿನ ಮೇಲೆ ಕಟ್ಟೋಣ, ತುಂಬಲು ಸುಲಭ ಎಂದರು ಕ್ಲೀನರ್. ಬೇಡವೇ ಬೇಡ. ನೋಜಲಿಗಿಂತ ಎತ್ತರದಲ್ಲಿ ನೀರಿದ್ದರೆ, ವಾಲ್ವ್ ಸ್ವಲ್ಪ ಸೋರಿದರೂ ರಾತ್ರಿಯಿಡೀ ತೊಟ್ಟಿಕ್ಕಿ ಬೆಳಿಗ್ಗೆ ಸೆಲ್ಫ್ ಹೊಡೆದಾಗ ರಾಡ್ ಬಾಗುತ್ತದೆ. ಚಾಸಿಸ್ ಪಕ್ಕ ಬ್ಯಾಟರಿ ಪೆಟ್ಟಿಗೆಯ ಹತ್ತಿರ, ನೋಜಲಿಗಿಂತ ಕೆಳಗೆ ಕೂರಿಸಿದೆವು. ವಾಲ್ವು ನೋಜಲಿನ ಪಕ್ಕದಲ್ಲೇ. ನಡುವೆ ಪೈಪಿನಲ್ಲಿ ಉಳಿಯುವ ನೀರು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಎರಡನೆಯದು ಪ್ರೆಶರ್ ಸ್ವಿಚ್ಚು. ಪಂಪು ಓಡಬೇಕಾದದ್ದು ಇಂಜಿನ್ ಭಾರ ಎಳೆಯುವಾಗ ಮಾತ್ರ, ಅಂದರೆ ಬೂಸ್ಟ್ ಏರಿದಾಗ. ಇಂಟೇಕ್ ಮ್ಯಾನಿಫೋಲ್ಡಿನಿಂದ ಡೀಸೆಲ್ ಪಂಪಿಗೆ ಹೋಗುವ ಸಣ್ಣ ಬೂಸ್ಟ್ ಹೋಸಿಗೆ ಒಂದು ಟಿ ಜಾಯಿಂಟ್ ಹಾಕಿದರೆ ಆ ಪ್ರೆಶರ್ ಸಿಗುತ್ತದೆ. ಎಲೆಕ್ಟ್ರಿಷಿಯನ್ ಹುಡುಗ ಜಾಣ. "ಆಯಿಲ್ ಪ್ರೆಶರ್ ಸ್ವಿಚ್ ಹಾಕುವಾ ಅಣ್ಣ, ನೂರು ಇನ್ನೂರರಲ್ಲಿ ಮುಗೀತದೆ, ಒಂದು ಐದು ಪಿನ್ನಿನ ರಿಲೇಯಲ್ಲಿ ಉಲ್ಟಾ ಮಾಡಿಕೊಳ್ಳುವಾ" ಎಂದ. ಆ ಸ್ವಿಚ್ಚು ಪ್ರೆಶರ್ ಇಲ್ಲದಾಗ ಕರೆಂಟ್ ಬಿಡುತ್ತದೆ, ಬಂದಾಗ ಕಡಿಯುತ್ತದೆ. ರಿಲೇ ಅದನ್ನು ತಿರುಗಿಸಿ, ಕಡಿದಾಗ ಪಂಪು ಓಡಿಸುತ್ತದೆ. ಕೆಲಸ ಮಾಡುತ್ತದೆ, ಸಂಶಯವಿಲ್ಲ. ಮೇಸ್ತ್ರಿ ಒಂದೇ ಮಾತು ಕೇಳಿದರು: "ಆ ವೈರ್ ಇಲಿ ಕಡಿದ್ರೆ ಎಂತಾಗ್ತು?"

ಪಂಪು ಓಡುತ್ತದೆ! ಬೂಸ್ಟ್ ಇರಲಿ ಬಿಡಲಿ, ಇಂಜಿನ್ ಓಡಲಿ ನಿಲ್ಲಲಿ, ನೀರು ಬೀಳುತ್ತಲೇ ಇರುತ್ತದೆ. ಹುಡುಗ ಸುಮ್ಮನಾದ. ಕಡೆಗೆ ಪ್ರೆಶರ್ ಬಂದಾಗ ಮಾತ್ರ ಕೂಡಿಕೊಳ್ಳುವ, ಎಷ್ಟಕ್ಕೆ ಬೇಕೋ ಅಷ್ಟಕ್ಕೆ ತಿರುಗಿಸಿ ಹೊಂದಿಸಬಹುದಾದ ಸ್ವಿಚ್ಚನ್ನೇ ಹಾಕಿದೆವು. ವೈರು ತುಂಡಾದರೆ ಪಂಪು ನಿಲ್ಲುತ್ತದೆ, ಅಷ್ಟೇ. ಅದನ್ನು ಅರ್ಧ ಬಾರ್ ದಾಟಿದ ಮೇಲೆ ಹಿಡಿಯುವ ಹಾಗೆ ಇಟ್ಟೆವು. ಅದರ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೈ ಸ್ವಿಚ್ಚು, ಜೊತೆಗೆ ಪಂಪು ಓಡುವಾಗ ಉರಿಯುವ ಕೆಂಪು ದೀಪ. ಕತಗಾಲ ದಾಟಿದ ಮೇಲೆ ಸ್ವಿಚ್ ಹಾಕುವುದು, ಘಟ್ಟ ಹತ್ತಿದ ಮೇಲೆ ತೆಗೆಯುವುದು. ಬೂಸ್ಟ್ ಇಲ್ಲದೆ ದೀಪ ಉರಿದರೆ ಕೂಡಲೇ ಆಫ್.

ನೀರು ಯಾವುದು ಎಂಬುದಕ್ಕೂ ಚರ್ಚೆಯಾಯಿತು. ಕರಾವಳಿಯ ಬಾವಿ ನೀರು ಎಷ್ಟೋ ಕಡೆ ಉಪ್ಪು. ಅದು ಆವಿಯಾದ ಮೇಲೆ ಉಳಿಯುವ ಉಪ್ಪು ನೋಜಲಿನಲ್ಲೂ ವಾಲ್ವಿನ ಸೀಟಿನಲ್ಲೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕಬಾರದು ಎಂದು ಕ್ಯಾನಿನ ಮೇಲೆ ಪೇಂಟಿನಲ್ಲಿ ಬರೆಸಿದೆ.

ಮರುದಿನ ಲೋಡಿನ ಜೊತೆ ನಾನೂ ಹೋದೆ. ಮೊದಲ ಕೆಲವು ತಿರುವು ನೀರಿಲ್ಲದೆ ಹತ್ತಿಸಿದೆವು. ಎಕ್ಸಾಸ್ಟ್ ಮೀಟರ್ 640, 650 ಡಿಗ್ರಿ ಅಂತ ಏರುತ್ತಿತ್ತು. ಅಲ್ಯುಮಿನಿಯಂ ಕರಗುವುದು 660ಕ್ಕೆ. ಪಿಸ್ಟನ್ನಿಗೆ ಆಯಿಲ್ ತಂಪು ಇರುವುದರಿಂದ ಗ್ಯಾಸಿನಷ್ಟು ಅದು ಬಿಸಿಯಾಗುವುದಿಲ್ಲ, ಆದರೂ 700 ದಾಟಿಸಿ ಎಳೆದಾಡುವುದು ಯಾರಿಗೂ ಒಳ್ಳೆಯದಲ್ಲ. ಭಾವ ಸ್ವಿಚ್ ಹಾಕಿದರು. ಕೆಂಪು ದೀಪ ಬಂತು. ಇಂಜಿನ್ನಿನ ಕಟಕಟ ಸದ್ದು ಸ್ವಲ್ಪ ಮೆತ್ತಗಾಯಿತು. ಮೀಟರ್ ಇಳಿಯತೊಡಗಿ 580ರ ಹತ್ತಿರ ನಿಂತಿತು. ಹಿಂದೆ ನೋಡಿದರೆ ಹೊಗೆಯ ಕಪ್ಪು ಕಡಿಮೆ. "ಎಳೀತಾ ಇದ್ದು, ಎಳೀತಾ ಇದ್ದು" ಎಂದು ಭಾವ ಕುಣಿದಾಡಿದರು. ನನಗೆ ಅಷ್ಟೇನೂ ಕಾಣಲಿಲ್ಲ. ಯಾವ ತಿರುವಿನಲ್ಲಿ ಯಾವಾಗಲೂ ಗೇರ್ ಇಳಿಸುತ್ತಿದ್ದರೋ ಅಲ್ಲಿ ಅವತ್ತೂ ಇಳಿಸಿದರು. ಬೇರೆಯಾಗಿದ್ದು ಒಂದೇ: ದೇವಿಮನೆಯಲ್ಲಿ ಗುಡಿಯ ಹತ್ತಿರ ನಿಲ್ಲಿಸಿ ಇಂಜಿನ್ ತಣಿಸಬೇಕಾಗಲಿಲ್ಲ. ಕೈ ಮುಗಿದು ಹೊರಟೆವು. ರಾಗಿಹೊಸಳ್ಳಿ ತನಕ ಸೀದಾ.

ಡೀಸೆಲ್ ಉಳಿಯಿತೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಒಂದು ದಿನದ ಲೋಡು ಇನ್ನೊಂದು ದಿನ ಇರುವುದಿಲ್ಲ, ರಸ್ತೆ ಅಗಲ ಮಾಡುವ ಕೆಲಸದಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದೂ ಗೊತ್ತಿಲ್ಲ. ಇಂಥದ್ದರಲ್ಲಿ ಮೈಲೇಜ್ ಲೆಕ್ಕ ಸುಮ್ನೆ.

ಭಾವನಿಗೆ ಆಮೇಲೆ ಒಂದು ಆಸೆ ಹುಟ್ಟಿತು. ಬಿಸಿ ಇಳಿದಿದೆಯಲ್ಲ, ಪಂಪಿನಲ್ಲಿ ಡೀಸೆಲ್ ಸ್ವಲ್ಪ ಜಾಸ್ತಿ ಮಾಡಿಸಿದರೆ ಹೇಗೆ? ಎಷ್ಟೋ ಜನ ಮಾಡುವುದೂ ಅದನ್ನೇ. ಆದರೆ ಅಲ್ಲಿಂದ ಮುಂದೆ ಇಂಜಿನ್ ಉಳಿಯುವುದು ನೀರಿನ ಮೇಲೆ. ಕ್ಯಾನ್ ಖಾಲಿಯಾದ ದಿನ, ನೋಜಲ್ ಕಟ್ಟಿಕೊಂಡ ದಿನ ಪಿಸ್ಟನ್ ಕರಗುತ್ತದೆ. ಮೇಸ್ತ್ರಿಯೂ ಡೀಸೆಲ್ ಪಂಪಿನ ಸ್ಕ್ರೂ ಮುಟ್ಟಲು ಒಪ್ಪಲಿಲ್ಲ. ನೀರು ನಿಂತರೂ ಗಾಡಿ ಮೊದಲಿನ ಹಾಗೆ ಹತ್ತಬೇಕು, ಅಷ್ಟಕ್ಕೇ ಇರಲಿ ಎಂದಾಯಿತು. ಕಾನೂನಿನ ಕಡೆಯಿಂದಲೂ ಹುಷಾರು ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಬೇಕಾದ ಹಾಗೆ ಬದಲಿಸಲು ಬಿಡುವುದಿಲ್ಲ. ಮಾಡುವವರು ಆರ್‌ಟಿಓದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ನಾವು ಪಂಪು ಬಿಚ್ಚಿಟ್ಟು, ನೋಜಲಿನ ಜಾಗಕ್ಕೆ ಬೋಲ್ಟ್ ಹಾಕಿ ಮುಚ್ಚಿದ್ದೇವೆ.

ಈ ಸುದ್ದಿ ಲೈನಿನಲ್ಲಿ ಹಬ್ಬಿ, ಇನ್ನೊಬ್ಬ ಡ್ರೈವರ್ ತನ್ನ ಬಿಎಸ್ 6 ಗಾಡಿಗೂ ಹಾಕಿಕೊಡಿ ಎಂದು ಬಂದಿದ್ದರು. ಘಟ್ಟದಲ್ಲಿ ಬಿಸಿಯಾಗುತ್ತದಂತೆ. ಆ ಗಾಡಿಗೆ ಇಂಟರ್‌ಕೂಲರ್ ಇದೆ, ಒಳಗೆ ಹೋಗುವ ಗಾಳಿಗೆ ಸೆನ್ಸರ್ ಇವೆ. ನೀರು ಬಿಟ್ಟರೆ ಸೆನ್ಸರ್ ತಲೆಕೆಟ್ಟು ದೀಪ ಉರಿಯುತ್ತದೆ, ವಾರಂಟಿಯೂ ಹೋಗುತ್ತದೆ. ಮೇಸ್ತ್ರಿ ಮುಂದಿನ ಜಾಲರಿ ತೆಗೆದು ಟಾರ್ಚ್ ಹಿಡಿದರು. ರೇಡಿಯೇಟರಿನ ರೆಕ್ಕೆಗಳ ನಡುವೆ ಚಿರೆಕಲ್ಲಿನ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. "ನೀರು ಹಾಕುವಾ, ಆದ್ರೆ ಹೊರಗಿಂದ" ಎಂದು ಹೋಸು ಎಳೆದು ತಂದರು.