ಕಾಮಾಲೆಗೆ ನಾಟಿ ಮದ್ದು: ಕಣ್ಣಿಗಿಂತ ಮೊದಲು ಮೂತ್ರ ನೋಡಿ

ಮಳೆಗಾಲ ಹಿಡಿದು ತಿಂಗಳು ಕಳೆಯುವಷ್ಟರಲ್ಲಿ ಕಾರವಾರದಿಂದ ಭಟ್ಕಳದವರೆಗೆ ಯಾವುದಾದರೂ ಊರಲ್ಲಿ ಯಾರದಾದರೂ ಕಣ್ಣು ಹಳದಿಯಾಗಿಯೇ ಆಗುತ್ತದೆ. ಜ್ವರಕ್ಕೆ ಡಾಕ್ಟರು, ಕಾಮಾಲೆಗೆ ನಾಟಿ ಮದ್ದು ಎನ್ನುವುದು ಈ ಕಡೆಯ ಬಹಳ ಮನೆಗಳಲ್ಲಿ ಚರ್ಚೆಗೇ ಬರದ ಮಾತು. ಘಟ್ಟ ಹತ್ತಿ ಸಿರಸಿ, ಸಿದ್ದಾಪುರಕ್ಕೆ ಹೋದರೂ ಅಷ್ಟೇ. ಅದನ್ನು ಕೇಳಿ ನಗುವವರು ಒಂದು ಕಡೆ, ಇಂಗ್ಲಿಷ್ ಮದ್ದಿಗೆ ಕಾಮಾಲೆ ಬಗ್ಗುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಹುರುಳಿದೆ: ಹೆಪಟೈಟಿಸ್ ಎ ಮತ್ತು ಇ ವೈರಸ್ಸಿನಿಂದ ಬರುವ ಮಾಮೂಲಿ ಕಾಮಾಲೆಗೆ ಅಲೋಪಥಿಯಲ್ಲೂ ನೇರವಾದ ಮದ್ದಿಲ್ಲ. ಡಾಕ್ಟರು ಕೊಡುವುದು ವಾಂತಿ ನಿಲ್ಲಿಸುವ ಮಾತ್ರೆ, ಗ್ಲೂಕೋಸು, ಧೈರ್ಯ. ಆದರೆ ಹಳದಿ ಕಣ್ಣು ಒಂದು ಗುರುತು ಮಾತ್ರ. ಅದರ ಹಿಂದೆ ಹತ್ತು ಬೇರೆ ಬೇರೆ ಕಾಯಿಲೆ ಇರಬಹುದು. ಮದ್ದು ಯಾರದು ಎಂದು ಜಗಳವಾಡುವ ಮೊದಲು ಕಾಮಾಲೆ ಯಾವುದು ಎಂದು ಕೇಳಬೇಕು.

ನಾಟಿ ಮದ್ದಿನಿಂದ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹೆಪಟೈಟಿಸ್ ಎ ದೇಹಕ್ಕೆ ಹೊಕ್ಕು ಸುಮಾರು ನಾಲ್ಕು ವಾರದ ಮೇಲೆ ಜ್ವರ, ವಾಕರಿಕೆ ಶುರುವಾಗುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ, ಲಿವರಿನ ಪೆಟ್ಟೂ ಹೆಚ್ಚುಕಡಿಮೆ ಮುಗಿಯುತ್ತಾ ಬಂದಿರುತ್ತದೆ. ಮನೆಯವರು ಮದ್ದು ಹುಡುಕಿಕೊಂಡು ಹೊರಡುವುದು ಆಗಲೇ. ಅಂದರೆ ಇಳಿಮುಖವಾಗುವ ಹೊತ್ತಿಗೆ ಸರಿಯಾಗಿ ಮದ್ದು ಬೀಳುತ್ತದೆ. ಆ ವಾರ ಬರೀ ಮಜ್ಜಿಗೆ ಕುಡಿದರೂ ಕೀರ್ತಿ ಮಜ್ಜಿಗೆಗೇ ಹೋಗುತ್ತಿತ್ತು.

ಇದರ ಮೇಲೆ ಇನ್ನೊಂದು ಮೋಸವಿದೆ. ಕಾಮಾಲೆ ಬಹಳ ದಿನ ಇದ್ದಾಗ ಕಣ್ಣಿಗೆ ಹಳದಿ ತರುವ ಬಿಲಿರುಬಿನ್ ಎಂಬ ಬಣ್ಣದ ಒಂದು ಪಾಲು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಲ್ಬುಮಿನ್ ಸವೆದು ಅರ್ಧವಾಗಲು ಎರಡು ಮೂರು ವಾರ ಬೇಕು, ಹಾಗಾಗಿ ಲಿವರ್ ಸುಧಾರಿಸಿದ ಮೇಲೂ ಕಣ್ಣು ಹಳದಿಯಾಗಿಯೇ ಉಳಿಯುತ್ತದೆ. ಆದರೆ ಅಂಟಿಕೊಂಡ ಬಿಲಿರುಬಿನ್ ಮೂತ್ರಪಿಂಡದ ಜರಡಿಯಲ್ಲಿ ಇಳಿಯುವುದಿಲ್ಲ. ಆದ್ದರಿಂದ ಮೂತ್ರ ಮೊದಲು ತಿಳಿಯಾಗುತ್ತದೆ, ಕಣ್ಣು ಆಮೇಲೆ. ಇದು ಗೊತ್ತಿಲ್ಲದೆ ‘ಇನ್ನೂ ಹೋಗಿಲ್ಲ’ ಎಂದು ಮೂರನೇ ವೈದ್ಯರ, ನಾಲ್ಕನೇ ಮದ್ದಿನ ಕಡೆ ಓಡುವವರು ಬಹಳ.

ನೋಡುವ ಕ್ರಮ ಹೀಗೆ. ಬೆಳಗಿನ ಮೊದಲ ಮೂತ್ರವನ್ನು ಬಣ್ಣವಿಲ್ಲದ ಬಾಟಲಿಯಲ್ಲಿ ಹಿಡಿದು ಹಿಂದೆ ಬಿಳಿ ಕಾಗದ ಇಟ್ಟು ಬೆಳಕಿಗೆ ನೋಡಿ. ಮುಚ್ಚಳ ಹಾಕಿ ಹತ್ತು ಸಲ ಅಲುಗಾಡಿಸಿ. ನೀರು ಕಡಿಮೆ ಕುಡಿದು ಕಡುವಾದ ಮೂತ್ರದ ನೊರೆ ಬೆಳ್ಳಗೇ ಇರುತ್ತದೆ. ಬಿಲಿರುಬಿನ್ ಇದ್ದರೆ ನೊರೆಯೇ ಹಳದಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಿದ್ದರೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ, ಅದೂ ಹಳದಿ ಮಾಡುತ್ತದೆ. ದಿನವೂ ಅದೇ ಹೊತ್ತಿಗೆ ನೋಡಿ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ಲ್ಯಾಬಿಗೆ ಇದು ಬದಲಿಯಲ್ಲ, ಎರಡು ಲ್ಯಾಬ್ ವರದಿಗಳ ನಡುವಿನ ದಿನಗಳಿಗೆ ಸಾಕು.

ಇನ್ನು ‘ಕಾಮಾಲೆ ಇಳಿಸುವ’ ವಿದ್ಯೆ. ಕೈಗೆ ಯಾವುದೋ ರಸ ಸವರಿ, ಬೋಗುಣಿಯ ನೀರಿನಲ್ಲಿ ತೊಳೆದಾಗ ನೀರು ಹಳದಿಯಾಗುತ್ತದೆ, ರೋಗ ಇಳಿಯಿತು ಎಂದು ತೋರಿಸುತ್ತಾರೆ. ರಸ ಹೆಚ್ಚಾಗಿ ಮಾವಿನ ತೊಗಟೆಯದು, ನೀರು ಸುಣ್ಣದ ತಿಳಿ. ಮಾವಿನ ತೊಗಟೆಯಲ್ಲಿ ಮ್ಯಾಂಜಿಫೆರಿನ್ ಮತ್ತು ಅಂಥದೇ ಹಲವು ವಸ್ತುಗಳಿವೆ, ಕ್ಷಾರ ತಾಗಿದರೆ ಅವು ಗಾಢ ಹಳದಿಯಾಗುತ್ತವೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಕೆಂಪು ಮಾಡುವುದಿಲ್ಲವೇ, ಅದೇ ಜಾತಿಯ ಕೆಲಸ. ಮನೆಯಲ್ಲೇ ಮಾಡಬಹುದು: ಅಂಕೋಲೆಯ ಕರಿ ಇಶಾಡು ಮಾವಿನ ತೊಗಟೆಯಾದರೂ ಸರಿ, ಕಾಡುಮಾವಾದರೂ ಸರಿ, ಒಂದು ಹಿಡಿ ಜಜ್ಜಿ ಅರ್ಧ ಲೋಟ ನೀರಿನಲ್ಲಿ ನೆನೆಹಾಕಿ ಸೋಸಿ. ಚಿಪ್ಪಿನ ಸುಣ್ಣ ಒಂದು ಚಮಚ ಒಂದು ಲೀಟರ್ ನೀರಿಗೆ ಕದಡಿ ತಿಳಿ ನಿಲ್ಲಲು ಬಿಡಿ. ಎರಡನ್ನೂ ಗಾಜಿನ ಲೋಟದಲ್ಲಿ ಸೇರಿಸಿ ನೋಡಿ. ಕೈಯೇ ಬೇಡ, ರೋಗಿಯೂ ಬೇಡ. ತೊಗಟೆ ರಸ ಹಚ್ಚುವ ಜಾಗಕ್ಕೆ ಹೋದರೂ ಜಗಳ ಬೇಡ, ಜೊತೆಗೆ ಹೋದ ಗಟ್ಟಿಮುಟ್ಟಾದವರೂ ಕೈ ಚಾಚಲಿ. ಅವರ ನೀರೂ ಹಳದಿಯಾದರೆ ಉತ್ತರ ಸಿಕ್ಕಿತು. ಸಂಶೋಧಕರು ಲಕ್ಷಗಟ್ಟಲೆ ಖರ್ಚು ಮಾಡಿ ಇಡುವ ಹೋಲಿಕೆಯ ಗುಂಪು ಎಂದರೆ ಇದೇ.

ಮೂಗಿಗೆ ಬಿಡುವ ದೇವದಾಳಿ ರಸವೂ ಹೀಗೆಯೇ. ಆ ಕಹಿಕಾಯಿ ಮೂಗಿನ ಒಳಪೊರೆಯನ್ನು ಕೆರಳಿಸಿ ಗಂಟೆಗಟ್ಟಲೆ ಹಳದಿ ನೀರು ಸುರಿಸುತ್ತದೆ. ಬರುವುದು ಉರಿಯೂತದ ದ್ರವ, ಪಿತ್ತವಲ್ಲ. ಚರ್ಮಕ್ಕೆ ಬರೆ ಹಾಕುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಗಾಯ, ಅಷ್ಟೇ.

ನೆಲನೆಲ್ಲಿಯ ಕಥೆ ಬೇರೆ. ಅದನ್ನು ನಗೆಯಾಡಿ ಬಿಡುವಂತಿಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಸ್ವತಃ ಈ ಗಿಡವನ್ನು ಗಂಭೀರವಾಗಿ ತೆಗೆದುಕೊಂಡವರು. ಮದ್ರಾಸಿನ ತ್ಯಾಗರಾಜನ್ ಮತ್ತು ಜೊತೆಗಾರರೊಂದಿಗೆ ಅವರು 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 30 ದಿನ ನೆಲನೆಲ್ಲಿ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಿಂದ ಹೆಪಟೈಟಿಸ್ ಬಿಯ ಗುರುತು ಮಾಯವಾಗಿತ್ತು. ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡುವ ಅಂಕಿ. ಆಮೇಲೆ ಥಾಯ್ಲೆಂಡ್ ಮತ್ತಿತರ ಕಡೆ ಮಾಡಿ ನೋಡಿದರು, ಆ ಫಲ ಮತ್ತೆ ಸಿಗಲಿಲ್ಲ. ಗಿಡದ ಜಾತಿ, ಬೆಳೆದ ಮಣ್ಣು, ಕಿತ್ತ ಕಾಲ ಬೇರೆಯಾದ್ದರಿಂದ ಹೀಗಾಯಿತೇ ಎಂಬ ವಾದವೂ ನಡೆಯಿತು. ನಾಟಿ ಮದ್ದನ್ನು ಗೌರವಿಸುವುದೆಂದರೆ ನನ್ನ ಲೆಕ್ಕದಲ್ಲಿ ಇದು: ಕೈಮುಗಿಯುವುದೂ ಅಲ್ಲ, ಮೂಗು ಮುರಿಯುವುದೂ ಅಲ್ಲ, ಎಣಿಸಿ ನೋಡುವುದು, ಎರಡನೇ ಸಲವೂ ಎಣಿಸುವುದು. ಇನ್ನೊಂದು ವಿಷಯ ಗಮನಿಸಿ. ಆ ಪ್ರಯೋಗ ನಡೆದದ್ದು ವೈರಸ್ಸನ್ನು ಹೊತ್ತು ತಿರುಗುವವರ ಮೇಲೆ. ಕಣ್ಣು ಹಳದಿಯಾದ ಕಾಮಾಲೆಗೆ ಅದನ್ನು ಸಾಕ್ಷಿ ಮಾಡಲು ಬರುವುದಿಲ್ಲ.

ಎಣಿಸಿ ಗೆದ್ದ ವಿಚಿತ್ರ ಉಪಾಯವೂ ಕಾಮಾಲೆಯಲ್ಲೇ ಇದೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ವಾರ್ಡ್ ಎಂಬ ನರ್ಸ್ ಎಳೆಗೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಟ್ಟೆ ಮುಚ್ಚಿದ ಕಡೆ ಚರ್ಮ ಹಳದಿ, ಬಿಸಿಲು ಬಿದ್ದ ಕಡೆ ಹಳದಿ ಇಳಿದಿರುವುದು ಕಂಡಿತು. ಡಾಕ್ಟರ್ ಕ್ರೀಮರ್ ಮತ್ತು ಜೊತೆಗಾರರು ಅದನ್ನು ಅಳೆದು 1958ರಲ್ಲಿ ಪ್ರಕಟಿಸಿದರು. ಇಂದಿನ ನೀಲಿ ದೀಪದ ಚಿಕಿತ್ಸೆ ಹುಟ್ಟಿದ್ದು ಹೀಗೆ. ನಮ್ಮಲ್ಲಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಅಜ್ಜಿಯರ ರೂಢಿಯಲ್ಲೂ ಅದೇ ತತ್ವವಿದೆ, ಪ್ರಮಾಣ ಮಾತ್ರ ಸಾಲದು. ಜುಲೈಯಲ್ಲಿ ಕುಮಟೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿಗೆ ಹಳದಿ ಇಳಿದರೆ ಬಿಸಿಲಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಪಥ್ಯದ ವಿಷಯದಲ್ಲಿ ಡಾಕ್ಟರುಗಳೂ ಬಹಳ ಕಾಲ ತಪ್ಪಿದ್ದರು. ಎಣ್ಣೆ ಮುಟ್ಟಬೇಡ, ಹಾಸಿಗೆ ಬಿಟ್ಟೇಳಬೇಡ ಎನ್ನುವುದು ಅಲೋಪಥಿಯ ಶಾಸ್ತ್ರವೂ ಆಗಿತ್ತು. ಕೊರಿಯಾ ಯುದ್ಧದ ಅಮೆರಿಕನ್ ಸೈನಿಕರಲ್ಲಿ ಮಾಡಿ 1955ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಸಿಗೆ ಹಿಡಿಸಿದವರಿಗೂ ಓಡಾಡಲು ಬಿಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿ ಉಂಡವರು ಬೇಗ ಚೇತರಿಸಿಕೊಂಡರು. ಉಪ್ಪಿಲ್ಲದ ಗಂಜಿಯಲ್ಲಿ ಮೂರು ವಾರ ಕೂಡಿಹಾಕಿದರೆ ವಯಸ್ಸಾದವರಲ್ಲಿ ಸೋಡಿಯಂ ಇಳಿದು ಮಂಕು ಬಡಿಯುತ್ತದೆ, ಅದನ್ನು ‘ಕಾಮಾಲೆ ತಲೆಗೇರಿತು’ ಎಂದು ತಿಳಿಯುತ್ತಾರೆ. ಗಿಲ್ಬರ್ಟ್ ಎಂಬ ನಿರಪಾಯದ ಹುಟ್ಟುಗುಣ ಇರುವವರಲ್ಲಂತೂ ಉಪವಾಸವೇ ಬಿಲಿರುಬಿನ್ ಏರಿಸುತ್ತದೆ. ಪಥ್ಯ ಬಿಗಿಯಾದಷ್ಟೂ ಕಣ್ಣು ಹಳದಿ! ಮಾಮೂಲಿ ಕಾಮಾಲೆಯಲ್ಲಿ ವಾಕರಿಕೆ ಸಂಜೆಗೆ ಹೆಚ್ಚು, ಬೆಳಿಗ್ಗೆ ಕಡಿಮೆ. ಆದ್ದರಿಂದ ದಿನದ ಊಟದ ದೊಡ್ಡ ಪಾಲು ಬೆಳಿಗ್ಗೆಯೇ ಮುಗಿಯಲಿ: ಗಂಜಿ, ಬಾಳೆಹಣ್ಣು, ಬೆಲ್ಲ, ಮಜ್ಜಿಗೆ, ಒಗ್ಗಿದರೆ ಸಾರಿನ ಮೀನು. ಸಾರಾಯಿ ಮಾತ್ರ ತಿಂಗಳುಗಟ್ಟಲೆ ಬೇಡ. ಐಸ್ ಹಾಕಿದ ಕಬ್ಬಿನ ಹಾಲು ‘ತಂಪು’ ಎಂದು ಕುಡಿಸುವುದೂ ಬೇಡ, ಕಾಮಾಲೆ ಬಂದದ್ದೇ ಅಂಥ ನೀರಿನಿಂದ ಇರಬಹುದು.

ಈಗ ನಿಜವಾಗಿ ಹೆದರಬೇಕಾದದ್ದಕ್ಕೆ ಬರೋಣ: ಇಲಿಜ್ವರ. ನಾಟಿ ಮಾಡುವ ಗದ್ದೆ, ಉಪ್ಪುನೀರು ಹತ್ತುವ ಗಜನಿ ಗದ್ದೆ, ಅಡಿಕೆ ತೋಟದ ಕಾಲುವೆ, ಎಲ್ಲ ಕಡೆ ಇಲಿಯ ಮೂತ್ರ ಬೆರೆತ ನೀರಿರುತ್ತದೆ. ಕಾಲಿನ ಒಡಕು, ಗಾಯದಿಂದ ರೋಗಾಣು ಒಳಹೊಕ್ಕು ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ. ಇದರಲ್ಲೂ ಕಣ್ಣು ಹಳದಿ. ಬೇರ್ಪಡಿಸುವ ಗುರುತು ನಾಲ್ಕು. ಕಾಮಾಲೆ ಕಾಣಿಸಿದ ಮೇಲೂ ಜ್ವರ ಬಿಡುವುದಿಲ್ಲ, ವೈರಸ್ ಕಾಮಾಲೆಯಲ್ಲಿ ಬಿಟ್ಟಿರುತ್ತದೆ. ಕಣ್ಣು ಹಳದಿಯ ಜೊತೆ ಕೆಂಪಾಗಿರುತ್ತದೆ, ಪಿಸುರು ಇರುವುದಿಲ್ಲ. ಮೀನಖಂಡ ಒತ್ತಿದರೆ ರೋಗಿ ಕಾಲು ಎಳೆದುಕೊಳ್ಳುತ್ತಾರೆ. ಮೂತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಇದಕ್ಕೆ ಮದ್ದಿದೆ, ಅದೂ ಅಗ್ಗದ್ದು: ಮೊದಲ ದಿನಗಳಲ್ಲಾದರೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು, ಏಳು ದಿನ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆ ಮದ್ದು. ರೋಗಾಣುವಿನ ವಿರುದ್ಧ ದೇಹ ಮಾಡುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಪರೀಕ್ಷೆ ಐದಾರು ದಿನಕ್ಕೆ ಮೊದಲು ನೆಗೆಟಿವ್ ಬರುವುದುಂಟು. ಹಾಗಾಗಿ ಗುರುತು ಕೂಡಿಬಂದರೆ ವರದಿಗೆ ಕಾಯದೆ ಮದ್ದು ಶುರುಮಾಡುತ್ತಾರೆ. ಈ ಜ್ವರದಲ್ಲಿ ಮೂರು ದಿನ ಸೊಪ್ಪಿನ ರಸ ಕುಡಿದು ಕಾದರೆ ಮೂತ್ರಪಿಂಡ ನಿಲ್ಲಬಹುದು, ಕೆಲವರಿಗೆ ಶ್ವಾಸಕೋಶದಲ್ಲಿ ರಕ್ತ. ಅಲ್ಲಿಂದ ಮಣಿಪಾಲವೋ ಹುಬ್ಬಳ್ಳಿಯೋ ಗೋವೆಯೋ, ಯಾವುದಕ್ಕೂ ಗಂಟೆಗಟ್ಟಲೆ ದಾರಿ. ಇಲ್ಲಿ ಸೊಪ್ಪು ಕೊಲ್ಲುವುದಿಲ್ಲ, ಆ ಮೂರು ದಿನ ಕೊಲ್ಲುತ್ತದೆ.

ಆದ್ದರಿಂದ ಕಣ್ಣು ಹಳದಿ ಕಂಡ ದಿನವೇ ರಕ್ತ ಕೊಡಿ, ಮದ್ದು ಯಾವುದಾದರೂ ಆಮೇಲೆ. ಬಿಲಿರುಬಿನ್ ಒಟ್ಟು ಮತ್ತು ಡೈರೆಕ್ಟ್, ಲಿವರಿನ ಪೆಟ್ಟು ತೋರಿಸುವ ಎಸ್‌ಜಿಪಿಟಿ, ಪಿತ್ತದ ದಾರಿ ಕಟ್ಟಿದರೆ ಏರುವ ಆಲ್ಕಲೈನ್ ಫಾಸ್ಫಟೇಸ್, ಪ್ಲೇಟ್ಲೆಟ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್. ಎಸ್‌ಜಿಪಿಟಿ ಸಾವಿರದ ಲೆಕ್ಕದಲ್ಲಿದ್ದರೆ ಹೆಚ್ಚಾಗಿ ವೈರಸ್. ಎಸ್‌ಜಿಪಿಟಿ ಒಂದಿನ್ನೂರು, ಬಿಲಿರುಬಿನ್ ಮಾತ್ರ ಹದಿನೈದು ಇಪ್ಪತ್ತು, ಪ್ಲೇಟ್ಲೆಟ್ ಕಡಿಮೆ, ಕ್ರಿಯಾಟಿನಿನ್ ಹೆಚ್ಚು ಎಂದರೆ ಇಲಿಜ್ವರದ ಚಹರೆ. ಫಾಸ್ಫಟೇಸ್ ಏರಿ, ಮೈ ತುರಿಸಿ, ಮಲ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿ ವಾರ ದಾಟಿದರೆ ಪಿತ್ತನಾಳ ಕಟ್ಟಿರಬಹುದು, ಅಲ್ಟ್ರಾಸೌಂಡ್ ಬೇಕು. ಐವತ್ತು ದಾಟಿದವರಲ್ಲಿ ನೋವೇ ಇಲ್ಲದ ಕಾಮಾಲೆ ಬಂದರೆ ಇದನ್ನು ಮುಂದೂಡುವಂತಿಲ್ಲ.

ಜನ ಮೋಸಹೋಗುವ ಅಂಕಿ ಎಸ್‌ಜಿಪಿಟಿ. ಅದು 3000ದಿಂದ 400ಕ್ಕೆ ಇಳಿದರೆ ಎಲ್ಲರಿಗೂ ಸಂತೋಷ. ಆದರೆ ಅದೇ ಹೊತ್ತಿಗೆ ಬಿಲಿರುಬಿನ್ ಏರುತ್ತಿದ್ದು ಐಎನ್‌ಆರ್ 1.5 ದಾಟಿದ್ದರೆ, ಲಿವರಿನಲ್ಲಿ ಸಾಯಲು ಜೀವಕೋಶಗಳೇ ಉಳಿದಿಲ್ಲ ಎಂದೂ ಅರ್ಥವಾಗಬಹುದು. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಮಾತು ತಡವರಿಕೆ, ಒಸಡಿನಲ್ಲಿ ರಕ್ತ ಕಂಡರೆ ಆ ಕ್ಷಣ ಹೊರಡಬೇಕು. ತುಂಬು ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಮನೆಮದ್ದಿನ ಮಾತೇ ಇಲ್ಲ.

ಇಷ್ಟು ಆಗಿ ವೈರಸ್ ಕಾಮಾಲೆಯೇ ಎಂದು ಖಚಿತವಾಗಿ, ಐಎನ್‌ಆರ್ ಸರಿ ಇದ್ದು, ನೆಲನೆಲ್ಲಿ ಕುಡಿಯುತ್ತೇನೆ ಎನ್ನುವವರಿಗೆ ನನ್ನ ತಕರಾರಿಲ್ಲ, ಡಾಕ್ಟರಿಗೆ ಹೇಳಿ ಕುಡಿಯಲಿ. ಆಯುರ್ವೇದ ಹೇಳುವ ಅಳತೆ ರಸ 10ರಿಂದ 20 ಮಿಲಿಲೀಟರ್, ಲೋಟಗಟ್ಟಲೆ ಅಲ್ಲ. ಕೆಡುವುದು ಹೆಚ್ಚಾಗಿ ಅರೆಯುವ ನೀರಿನಲ್ಲಿ: ಕಾಯಿಸದ ಬಾವಿನೀರು, ಹಸಿ ಹಾಲು. ಗಿಡ ತೊಳೆಯುವುದಕ್ಕೂ ಅರೆಯುವುದಕ್ಕೂ ಕುದಿಸಿ ಆರಿಸಿದ ನೀರೇ ಇರಲಿ. ಎಲೆಯ ಕೆಳಗೆ ಸಾಲಾಗಿ ಪುಟ್ಟ ಕಾಯಿ ಬಿಡುವ ಗಿಡಗಳು ಹಲವಿವೆ. ಕಾಯಿಯ ಮೈ ನುಣುಪಾಗಿದ್ದು ಸಣ್ಣ ತೊಟ್ಟು ಇರುವುದು ಪ್ರಯೋಗಕ್ಕೆ ಬಳಸಿದ ಜಾತಿ. ಕಾಂಡ ಕೆಂಪಾಗಿ ಕಾಯಿ ಗರುಗರು ಇರುವುದು ಬೇರೆಯದು. ಅಮೃತಬಳ್ಳಿಯನ್ನು ಕಾಮಾಲೆಯಲ್ಲಿ ದೂರವಿಡಿ. 2020ರಲ್ಲಿ ಕೊರೋನಾಕ್ಕೆಂದು ಅದರ ಕಷಾಯ ಕುಡಿದವರಲ್ಲಿ ಲಿವರ್ ಪೆಟ್ಟು ಬಿದ್ದದ್ದನ್ನು ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ. ಅದು ಅಮೃತಬಳ್ಳಿಯೋ ಅದರಂತೆ ಕಾಣುವ ಸೋದರಬಳ್ಳಿಯೋ ಎಂಬ ವಾದ ಎದ್ದಿತು, ಹಳದಿ ಕಣ್ಣಿನವರು ಆ ವಾದ ಬಗೆಹರಿಸಲು ಕೂರಬೇಕಾಗಿಲ್ಲ. ಹೆಸರಿಲ್ಲದ ಪುಡಿ, ಪೊಟ್ಟಣದ ಭಸ್ಮ ಬೇಡವೇ ಬೇಡ. ಸೀಸ, ಪಾದರಸ ಇರಬಹುದು, ಸ್ಟೀರಾಯ್ಡೂ ಇರಬಹುದು. ಎರಡೇ ದಿನದಲ್ಲಿ ಹಸಿವು ಭರ್ಜರಿಯಾಗಿ ಮರಳಿ ಮೈ ಹಗುರವೆನಿಸಿದರೆ ಖುಷಿಗಿಂತ ಮೊದಲು ಅನುಮಾನ ಬರಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಿರಲಿ, ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ.

ಮದ್ದು ಕೊಡುವವರು ಗಿಡದ ಹೆಸರು ಹೇಳದಿದ್ದರೆ (ಹೇಳಿದರೆ ಗುಣ ಹೋಗುತ್ತದೆ ಎನ್ನುವವರೂ ಇದ್ದಾರೆ) ಅರೆಯುವ ಮೊದಲು ಒಂದು ಕಡ್ಡಿ ಕೇಳಿ ತನ್ನಿ. ಎಲೆ, ಕಾಯಿ ಎರಡೂ ಇರುವ ಕಡ್ಡಿ. ಹಳೆಯ ಪೇಪರಿನ ಮಡಿಕೆಯಲ್ಲಿ ಇಟ್ಟು ಮೇಲೆ ಭಾರ ಹೇರಿ, ಮಳೆಗಾಲವಾದ್ದರಿಂದ ಪೇಪರನ್ನು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಪಕ್ಕದಲ್ಲಿ ಕುಡಿದ ತಾರೀಖು, ಅಳತೆ ಬರೆದಿಡಿ. ಆಸ್ಪತ್ರೆಗೆ ಹೋಗುವಂತಾದರೆ ರಕ್ತದ ವರದಿಗಳ ಜೊತೆ ಆ ಪೇಪರೂ ಚೀಲದಲ್ಲಿರಲಿ.