ಪೀನ ಕಾಯಗಳ ಅಡ್ಡಕೊಯ್ತ: ಘನ ಮತ್ತು ಗೋಳದ ಲೆಕ್ಕ ಮುಗಿದ ವಾರ

ಅಡ್ಡಕೊಯ್ತದ, ಅಂದರೆ ಕಾಯವನ್ನು ಸಮತಲದಿಂದ ಕೊಯ್ದಾಗ ಕಾಣುವ ಮುಖದ, ಸಮಸ್ಯೆಯನ್ನು ನಾನೇ ಲೆಕ್ಕ ಮಾಡಿ ಅರ್ಥ ಮಾಡಿಕೊಳ್ಳಬೇಕೆಂದು ಹಿಡಿದ ಕೆಲಸದಲ್ಲಿ ಈ ವಾರ ಮೊದಲ ಘಟ್ಟ ಮುಗಿಯಿತು. 1980ರ ದಶಕದಲ್ಲಿ ಗಣಿತಜ್ಞ ಜ್ಯಾಂ ಬೂರ್ಗೆನ್ ಕೇಳಿದ ಪ್ರಶ್ನೆ ಇದು: ಘನಫಲ 1 ಇರುವ ಯಾವ ಪೀನ ಕಾಯವನ್ನು (ಎಲ್ಲೂ ಒಳಕ್ಕೆ ತಗ್ಗಿರದ ಆಕಾರವನ್ನು) ತೆಗೆದುಕೊಂಡರೂ, ಆಯಾಮ ಎಷ್ಟೇ ಏರಿದರೂ, ಒಂದು ನಿಶ್ಚಿತ ಅಳತೆಗಿಂತ ಕಿರಿದಾಗದ ಕೊಯ್ತ ಅದರಲ್ಲಿ ಎಲ್ಲಾದರೂ ಸಿಕ್ಕೇ ಸಿಗುತ್ತದೆಯೇ? ಸಿಗುತ್ತದೆ ಎಂದು ಬೋಅಜ್ ಕ್ಲಾರ್ಟಾಗ್ ಮತ್ತು ಜೋಸೆಫ್ ಲೆಹೆಕ್ 2024ರ ಡಿಸೆಂಬರಿನಲ್ಲಿ ಸಾಧಿಸಿದರು. ಅದೇ ತಿಂಗಳು ಚಿಂಗ್‌ಯಾಂಗ್ ಗ್ವಾನ್ ಕೊಟ್ಟ ಅಂದಾಜು ಅವರಿಗೆ ಆಧಾರವಾಯಿತು.

ನಾನು ಆರಂಭಿಸಿದ್ದು ಬಾಹು 1 ಇರುವ ಘನದಿಂದ. ಘನದೊಳಗೆ ಒಂದು ಲಕ್ಷ ಯಾದೃಚ್ಛಿಕ ಬಿಂದುಗಳನ್ನು ಚೆಲ್ಲಿ, ಕೇಂದ್ರದ ಮೂಲಕ ಹಾಯುವ 0.02 ದಪ್ಪದ ಹಾಳೆಯಲ್ಲಿ ಎಷ್ಟು ಬಿದ್ದವೆಂದು ಎಣಿಸಿದೆ. ಉತ್ತರದ ಎರಡನೆಯ ದಶಮಾಂಶ ಸ್ಥಾನವೇ ಪ್ರತಿ ಬಾರಿಯೂ ಅಲುಗಾಡುತ್ತಿತ್ತು. ಹಾಳೆಯೊಳಗೆ ಬೀಳುವುದು ಸುಮಾರು 2,700 ಬಿಂದುಗಳು ಮಾತ್ರ ಎಂದಮೇಲೆ ಶೇಕಡಾ ಎರಡರಷ್ಟು ದೋಷ ಸಹಜ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕಿತ್ತು.

ದಾರಿ ತೋರಿಸಿದ್ದು ಸಂಭವನೀಯತೆ. ಒಂದು ದಿಕ್ಕಿಗೆ ಲಂಬವಾದ ಕೇಂದ್ರ ಕೊಯ್ತದ ಅಳತೆಯೆಂದರೆ, ಆ ದಿಕ್ಕಿನ ಮೇಲೆ ಯಾದೃಚ್ಛಿಕ ಬಿಂದು ಬೀಳಿಸುವ ನೆರಳಿಗೆ ಸೊನ್ನೆಯಲ್ಲಿರುವ ಸಾಂದ್ರತೆಯೇ. ಘನದ ಮುಖ್ಯ ಕರ್ಣಕ್ಕೆ ಇದನ್ನು ಅನ್ವಯಿಸಿದಾಗ ಮೂರನೆಯ ಆಯಾಮದಲ್ಲಿ 1.2990 ಬಂತು, ಘನವನ್ನು ಹಾಗೆ ಕೊಯ್ದಾಗ ಕಾಣುವ ಸಮಷಡ್ಭುಜದ ವಿಸ್ತೀರ್ಣವೂ ಅಷ್ಟೇ. ನಾಲ್ಕರಲ್ಲಿ 1.3333, ಹತ್ತರಲ್ಲಿ 1.3611, ಮುಂದೆ ಸಂಖ್ಯೆ ಏರುತ್ತಾ 1.3820ರತ್ತ ಸಾಗುತ್ತದೆ, ಮತ್ತು ಈ ಮಿತಿಯನ್ನು ಕೊಡುವುದು ಕೇಂದ್ರೀಯ ಮಿತಿ ಪ್ರಮೇಯ. ಆದರೆ ಅತಿ ದೊಡ್ಡ ಕೊಯ್ತ ಮುಖ್ಯ ಕರ್ಣದ್ದಲ್ಲ. ಯಾವ ಆಯಾಮದಲ್ಲೂ ಘನದ ಕೊಯ್ತ ಎರಡರ ವರ್ಗಮೂಲವನ್ನು, ಅಂದರೆ 1.4142 ಅನ್ನು, ಮೀರುವುದಿಲ್ಲವೆಂದು ಕೀತ್ ಬಾಲ್ 1986ರಲ್ಲಿ ತೋರಿಸಿದ್ದಾರೆ.

ಇನ್ನು ಗೋಳ. ಘನಫಲ 1 ಇರುವ ಗೋಳದ ಕೇಂದ್ರ ಕೊಯ್ತ ಒಂಬತ್ತನೆಯ ಆಯಾಮದಲ್ಲಿ 1.4050, ಹತ್ತರಲ್ಲಿ 1.4204. ಹತ್ತಕ್ಕೆ ಬಂದೊಡನೆ ಗೋಳದ ಪ್ರತಿಯೊಂದು ಕೇಂದ್ರ ಕೊಯ್ತವೂ ಘನದ ಎಲ್ಲ ಕೊಯ್ತಗಳಿಗಿಂತ ದೊಡ್ಡದಾಗುತ್ತದೆ, ಆದರೂ ಎರಡರ ಘನಫಲ ಒಂದೇ! ಕೊಯ್ತಗಳೆಲ್ಲ ದೊಡ್ಡದಾದರೆ ಕಾಯವೂ ದೊಡ್ಡದೇ ಎಂದು 1956ರಲ್ಲಿ ಬುಸೆಮನ್ ಮತ್ತು ಪೆಟ್ಟಿ ಎತ್ತಿದ್ದ ಪ್ರಶ್ನೆಗೆ ಇಲ್ಲವೆಂಬ ಉತ್ತರ ಈ ಎರಡು ಸಂಖ್ಯೆಗಳಲ್ಲೇ ಅಡಗಿದೆ. ಇದನ್ನು ಓದಿ ತಿಳಿದಿದ್ದೆನಾದರೂ, ನನ್ನದೇ ಲೆಕ್ಕದಲ್ಲಿ ಆ ದಾಟುವಿಕೆಯನ್ನು ಕಂಡಾಗ ಆದ ಸಂತೋಷ ಬೇರೆಯೇ. ಮೊದಲ ವಿಧಾನದ ದೋಷದಲ್ಲಿ 0.006ರ ಈ ಅಂತರ ಪೂರ್ತಿ ಮುಳುಗಿಹೋಗುತ್ತಿತ್ತು.

ಮುಂದಿನ ಕಾಯ ಸಿಂಪ್ಲೆಕ್ಸ್, ಅಂದರೆ ತ್ರಿಭುಜ ಮತ್ತು ಚತುಷ್ಫಲಕಗಳ ಹೆಚ್ಚಿನ ಆಯಾಮದ ರೂಪ. ಎಲ್ಲ ದಿಕ್ಕಿನಲ್ಲೂ ಒಂದೇ ಹರವು ಇರುವಂತೆ ಕಾಯವನ್ನು ಹೊಂದಿಸಿದ ಮೇಲೆ, ಕೊಯ್ತ ಚಿಕ್ಕದಾದಷ್ಟೂ ನೆರಳಿನ ಮಾನಕ ವಿಚಲನೆ (ಹರವಿನ ಅಳತೆ) ದೊಡ್ಡದಾಗುತ್ತದೆ. ಘನಕ್ಕೆ ಅದು 0.2887, ಆಯಾಮ ಏರಿದಂತೆ ಗೋಳಕ್ಕೆ 0.2420ರತ್ತ, ಸಿಂಪ್ಲೆಕ್ಸಿಗೆ 0.3679ರತ್ತ ಸಾಗುತ್ತದೆ. ಇದು ಎಲ್ಲಕ್ಕಿಂತ ಹೆಚ್ಚಾಗುವುದು ಸಿಂಪ್ಲೆಕ್ಸಿನಲ್ಲೇ ಎಂಬ ಊಹೆ ಇನ್ನೂ ಸಾಧಿತವಾಗಿಲ್ಲ. ಬಿಂದುಗಳನ್ನು ಆರಿಸುವುದು ಸುಲಭ: ಆಯಾಮಕ್ಕಿಂತ ಒಂದು ಹೆಚ್ಚು ಯಾದೃಚ್ಛಿಕ ಸಂಖ್ಯೆಗಳನ್ನು ಘಾತೀಯ ವಿತರಣೆಯಿಂದ ತೆಗೆದು, ಪ್ರತಿಯೊಂದನ್ನೂ ಅವುಗಳ ಮೊತ್ತದಿಂದ ಭಾಗಿಸಿದರಾಯಿತು. ಸೂತ್ರದ ಪ್ರಕಾರ ಹತ್ತನೆಯ ಆಯಾಮದಲ್ಲಿ 0.3496 ಬರಬೇಕು, ಹೊಸ ಪ್ರೋಗ್ರಾಮನ್ನು ಮೊದಲು ಆ ಸಂಖ್ಯೆಯಿಂದಲೇ ಒರೆಗೆ ಹಚ್ಚುತ್ತೇನೆ.